ಬಾವಿ ರೀಡಿಂಗ್ ನಂಬೋ ಹಾಗಿಲ್ಲ ಅನ್ಸಿದ್ರೆ: ಅಂತರ್ಜಲ ಮಟ್ಟ ಅಳೆಯೋರಿಗೆ ದೋಷ ಹುಡುಕೋ ಕೈಪಿಡಿ

ನೀರಿನ ಮಟ್ಟ ಅಳೆಯೋ ಕೆಲಸದಲ್ಲಿ ಇರೋರಿಗೆ ಈ ಫೋನು ಒಂದಲ್ಲ ಒಂದು ದಿನ ಬಂದೇ ಬರತ್ತೆ, "ಹೋದ ತಿಂಗಳು ನೀರು 14 ಮೀಟರ್ ಆಳದಲ್ಲಿತ್ತು, ಈಗ 17 ತೋರಿಸ್ತಿದೆ, ಬಾವಿ ಬತ್ತೋಗ್ತಿದ್ಯಾ?" ಅಂತ. ಬಹಳ ಸಲ ನೀರು ಎಲ್ಲೂ ಹೋಗಿರಲ್ಲ, ಟೇಪಲ್ಲೋ ಗುರುತಲ್ಲೋ ಪಕ್ಕದ ಪಂಪಲ್ಲೋ ಸೆನ್ಸರಲ್ಲೋ ಏನೋ ಎಡವಟ್ಟಾಗಿರತ್ತೆ. ಆದ್ರೆ ಅಷ್ಟರಲ್ಲಿ ಆ ನಂಬರ್ ಮೇಲೆ ಜನ ತೀರ್ಮಾನ ಮಾಡಿಬಿಟ್ಟಿರ್ತಾರೆ, ಇನ್ನೂ ಆಳಕ್ಕೆ ಕೊರೆಸೋಣ ಅಂತಲೋ, ಪಂಪ್ ಹಾಕೋ ಟೈಮ್ ಅರ್ಧ ಮಾಡೋಣ ಅಂತಲೋ. ಉಲ್ಟಾನೂ ಆಗತ್ತೆ, ಮಟ್ಟ ನಿಜವಾಗ್ಲೂ ಇಳೀತಿದ್ರೂ ಕೆಟ್ಟ ರೀಡಿಂಗು ಎಲ್ಲ ಚೆನ್ನಾಗಿದೆ ಅಂತ ಹೇಳ್ತಾ ಇರತ್ತೆ, ಇದು ಇನ್ನೂ ಅಪಾಯ. ಅದಕ್ಕೇ ಮೊದಲು ಅಳತೆ ಮೇಲೆ ಅನುಮಾನ ಪಡಿ, ಆಮೇಲೆ ನೀರಿನ ಮೇಲೆ. ಕೆಳಗೆ ಬರೆದಿರೋದೆಲ್ಲ ಖರ್ಚಿಲ್ಲದ ಚೆಕ್‌ನಿಂದ ಶುರುವಾಗತ್ತೆ, ಕಷ್ಟದ್ದು ಆಮೇಲೆ.

ಬಾವಿ ಹತ್ರ ಹೋಗೋ ಮುಂಚೆ

ತಗೊಂಡು ಹೋಗ್ಬೇಕಾದ್ದು ಜಾಸ್ತಿ ಏನಿಲ್ಲ. ಅಳತೆ ಟೇಪು ಇಲ್ಲಾಂದ್ರೆ ತುದಿ ನೀರು ಮುಟ್ಟಿದಾಗ ಬೀಪ್ ಅನ್ನೋ ಡಿಪ್ ಮೀಟರ್, ಹಳೇ ರೀಡಿಂಗ್ ಬರೆದಿರೋ ಪುಸ್ತಕ, ವಾಚು, ಮಾರ್ಕರ್, ಒಂದು ಬಕೆಟ್ಟು, ಟೇಪ್ ಒರೆಸೋಕೆ ಶುದ್ಧ ಬಟ್ಟೆ ಮತ್ತು ಸ್ವಲ್ಪ ಬ್ಲೀಚಿಂಗ್ ನೀರು. ಒಂದು ಬಾವಿಗೆ ಇಳಿಸಿದ ಟೇಪನ್ನ ಒರೆಸದೆ ಇನ್ನೊಂದಕ್ಕೆ ಇಳಿಸಬೇಡಿ, ಅದು ಕುಡಿಯೋ ನೀರಿನ ಬಾವಿ ಆಗಿದ್ರಂತೂ ಖಂಡಿತ ಬೇಡ.

ಸೇಫ್ಟಿ ವಿಷಯ ನಾಲ್ಕು ಮಾತು, ದಯವಿಟ್ಟು ಹಾರಿಸಿ ಮುಂದೆ ಹೋಗಬೇಡಿ. ಟೇಪು ಬಿದ್ರೂ ಸೆನ್ಸರ್ ಬಿದ್ರೂ ತೆರೆದ ಬಾವಿ ಒಳಗೆ ಇಳೀಬೇಡಿ, ಕೆಳಗೆ ಆಕ್ಸಿಜನ್ ಇಲ್ಲದೇ ಇರಬಹುದು, ಕೆಟ್ಟ ಗಾಳಿ ತುಂಬಿರಬಹುದು, ನೋಡಿದ್ರೆ ಗೊತ್ತಾಗಲ್ಲ, ಮತ್ತೆ ಬಿದ್ದವರನ್ನ ಎತ್ತೋಕೆ ಅಂತ ಹಿಂದೇನೇ ಇಳಿದವರೂ ಎಷ್ಟೋ ಕಡೆ ಜೀವ ಕಳ್ಕೊಂಡಿದ್ದಾರೆ. ಬೋರಿನ ಮುಚ್ಚಳ ತೆಗೆದಿಟ್ಟು ಐದು ನಿಮಿಷಕ್ಕೂ ದೂರ ಹೋಗಬೇಡಿ, ಸಣ್ಣ ಮಕ್ಕಳಿಗೆ ಆ ತೂತು ಸಾಕು. ಆಟೋಮ್ಯಾಟಿಕ್ ಸ್ಟಾರ್ಟರ್ ಇರೋ ಮೋಟರು ನೀವು ಟೇಪ್ ಇಳಿಸಿದಾಗಲೇ ಆನ್ ಆಗಬಹುದು, ಸ್ಟಾರ್ಟರ್ ಬೋರ್ಡು ನೋಡ್ಕೊಳ್ಳೋರ ಕೈಯಲ್ಲೇ ಮೇನ್ ಆಫ್ ಮಾಡಿಸಿ, ಒದ್ದೆ ಕೈಯಲ್ಲಿ ನೀವೇ ಮುಟ್ಟಬೇಡಿ. ಗುಡುಗು ಮಿಂಚು ಇದ್ದಾಗ ಸ್ಟೀಲ್ ಟೇಪ್ ಹಿಡ್ಕೊಂಡು ಬಯಲಲ್ಲಿ ನಿಲ್ಲಬೇಡಿ. ಮುಚ್ಚಳ ಎತ್ತೋ ಮುಂಚೆ ಒಂದ್ಸಲ ತಟ್ಟಿ, ಕಣಜ ಗೂಡು ಕಟ್ಟಿರತ್ತೆ, ಹಾವೂ ಇರತ್ತೆ.

"ಒಂದೇ ಸಲ ಮಟ್ಟ ಜಿಗಿದುಬಿಟ್ಟಿದೆ, ಆಮೇಲೆ ಅಲ್ಲೇ ನಿಂತಿದೆ"

ಗ್ರಾಫಲ್ಲಿ ಮೆಟ್ಟಿಲು ಹಾಗೆ ಕಾಣೋ ಜಿಗಿತ ಇದು. ಒಂದು ದಿನ 40 ಸೆಂ.ಮೀ ಇಳೀತು, ಮುಂದಿನ ರೀಡಿಂಗೆಲ್ಲ ಆ ಹೊಸ ಲೆಕ್ಕದಲ್ಲೇ ನಡೀತಿದೆ. ನೀರು ಹೀಗೆ ನಡ್ಕೊಳ್ಳೋದು ಅಪರೂಪ. ಹೀಗೆ ನಡ್ಕೊಳ್ಳೋದು ಅಳತೆ ಗುರುತು.

ಮಟ್ಟ ಅಂತ ನಾವು ಬರೆಯೋದು ಯಾವುದೋ ಒಂದು ಗುರುತಿನಿಂದ ನೀರಿನವರೆಗಿನ ಆಳ ಅಷ್ಟೇ. ಆ ಗುರುತು ಒಂದು ಇಂಚು ಅಲುಗಾಡಿದ್ರೂ ನೀರು ಒಂದು ಇಂಚು ಅಲುಗಾಡಿದ ಹಾಗೆ ಪುಸ್ತಕದಲ್ಲಿ ಬೀಳತ್ತೆ. ನಾನು ನೋಡ್ಕೊಳ್ತಿದ್ದ ಒಂದು ಬಾವಿಯಲ್ಲಿ ಸುತ್ತ ಸಿಮೆಂಟ್ ಕಟ್ಟೆ ಕಟ್ಟುವಾಗ ಕೇಸಿಂಗ್ ಪೈಪಿಗೆ (ಬಾವಿ ಗೋಡೆ ಕುಸಿಯದ ಹಾಗೆ ಇಳಿಸಿರೋ ಪೈಪು) ತುಂಡು ಜೋಡಿಸಿ ಮೇಲೆ ಎತ್ತಿದ್ರು, ಒಳ್ಳೇ ಉದ್ದೇಶಕ್ಕೇ ಮಾಡಿದ್ದು, ಮಳೆನೀರು ಒಳಗೆ ಹೋಗಬಾರ್ದು ಅಂತ. ಅಳೆಯೋ ಹುಡುಗ ಯಾವಾಗ್ಲೂ ಹೇಗೋ ಹಾಗೇ ಪೈಪಿನ ಬಾಯಿಂದ ಅಳೀತಾ ಹೋದ, ಯಾರೂ ಪುಸ್ತಕದಲ್ಲಿ ಬರೀಲಿಲ್ಲ. ಎರಡು ವರ್ಷ ಆ ಬಾವಿ "ಇಳಿದಿದೆ" ಅಂತಲೇ ಲೆಕ್ಕದಲ್ಲಿತ್ತು. ಕೊನೆಗೆ ಗೊತ್ತಾಗಿದ್ದು ಪೈಪಿನ ಬಣ್ಣದಿಂದ, ಕೆಳಗಿನ ಭಾಗ ಬಿಸಿಲಿಗೆ ಮಾಸಿತ್ತು, ಮೇಲಿನ ತುಂಡು ಹೊಸ ನೀಲಿ ಬಣ್ಣದಲ್ಲಿತ್ತು, ನಡುವೆ ಸೊಲ್ಯೂಷನ್ ಹಚ್ಚಿದ ಗೆರೆ.

ಹಾಗಾಗಿ ಚೆಕ್ ಮಾಡೋದು ಹೀಗೆ. ಪೈಪಿನ ಬಾಯಿ ಕತ್ತರಿಸಿದ್ದಾರಾ, ಜೋಡಿಸಿದ್ದಾರಾ, ಸುತ್ತ ಮಣ್ಣು ಹಾಕಿ ನೆಲ ಎತ್ತರಿಸಿದ್ದಾರಾ ನೋಡಿ. ಹಳೇ ಫೋಟೋ ಇದ್ರೆ ಪಕ್ಕದಲ್ಲಿ ಇಟ್ಟು ನೋಡಿ. ನೆಲದಿಂದ ಪೈಪಿನ ಬಾಯಿವರೆಗೆ ಎಷ್ಟಿದೆ ಅಳೆದು ಹಳೇ ಅಳತೆ ಜೊತೆ ಹೋಲಿಸಿ. ಹೋದ ಸಲ ಬೇರೆಯವರು ಅಳೆದಿದ್ರೆ ಅವರನ್ನೇ ಕೇಳಿ, ಒಬ್ಬರು ಮುಚ್ಚಳದ ಮೇಲಿಂದ ಅಳೀತಾರೆ ಇನ್ನೊಬ್ಬರು ಪೈಪಿನ ಅಂಚಿಂದ, ಮತ್ತೊಬ್ಬರು ನೆಲದಿಂದ. ಅಂಚು ಓರೆಯಾಗಿ ಕತ್ತರಿಸಿದ್ರೆ ಒಂದೇ ಪೈಪಲ್ಲೂ ಒಂದೆರಡು ಸೆಂ.ಮೀ ವ್ಯತ್ಯಾಸ ಬರತ್ತೆ. ಆಮೇಲೆ ಟೇಪು: ತುದಿ ಮುರಿದುಹೋಗಿ ಹೊಸದಾಗಿ ತೂಕ ಕಟ್ಟಿರೋ ಟೇಪಲ್ಲಿ ಸೊನ್ನೆ ಎಲ್ಲಿಂದ ಶುರು ಅಂತ ನೋಡಿ, ಇನ್ನೊಂದು ಟೇಪಿನ ಪಕ್ಕ ನೆಲದ ಮೇಲೆ ಹಾಸಿ 10 ಮೀಟರ್‌ವರೆಗೆ ಹೋಲಿಸಿದ್ರೆ ಐದು ನಿಮಿಷದ ಕೆಲಸ.

ಜಿಗಿತ ಸುಮಾರು ಮೂರು ಪಟ್ಟು ಇದ್ರೆ, ಅಂದ್ರೆ 12 ಇದ್ದದ್ದು ಏಕಾಏಕಿ 39 ಆಗಿದ್ರೆ, ಯಾರೋ ಅಡಿಯಲ್ಲಿ ಬರೆದಿದ್ದಾರೆ. 1 ಮೀಟರ್ ಅಂದ್ರೆ 3.28 ಅಡಿ, ಭಾಗಿಸಿ ನೋಡಿ, ಹಳೇ ನಂಬರ್ ಹತ್ರ ಬಂದ್ರೆ ಮುಗೀತು. ಇನ್ನೊಂದು ಗೊಂದಲ ಅಂದ್ರೆ ಆಳ ಮತ್ತು ಎತ್ತರ. ಕೆಲವರು ನೆಲದಿಂದ ಕೆಳಗೆ ಎಷ್ಟು ಅಂತ ಬರೀತಾರೆ, ಕೆಲವರು ಸಮುದ್ರ ಮಟ್ಟದಿಂದ ಮೇಲೆ ಎಷ್ಟು ಅಂತ. ಒಂದು ಏರಿದ್ರೆ ಇನ್ನೊಂದು ಇಳಿಯತ್ತೆ, ಎರಡನ್ನೂ ಒಂದೇ ಕಾಲಮಲ್ಲಿ ತುಂಬಿದ್ರೆ ಬರ ಬಂದಾಗ ನೀರು ಏರಿದ ಹಾಗೆ ಕಾಣತ್ತೆ.

ಸರಿಮಾಡೋದು: ಪೈಪಿನ ಅಂಚಲ್ಲಿ ಒಂದು ಕಡೆ ಗರಗಸದಲ್ಲಿ ಸಣ್ಣ ಗೀರು ಹಾಕಿ, ಬರೀ ಬಣ್ಣ ಅಳಿಸಿಹೋಗತ್ತೆ. ಯಾವತ್ತೂ ಅಲ್ಲಿಂದಲೇ ಅಳೀರಿ. ಗುರುತು ಬದಲಾದ ತಾರೀಕು, ಎಷ್ಟು ಬದಲಾಯ್ತು, ಎರಡನ್ನೂ ಬರೆದಿಡಿ.

"ಹತ್ತು ನಿಮಿಷ ಬಿಟ್ಟು ಅಳೆದ್ರೆ ಬೇರೇನೇ ಬರ್ತಿದೆ"

ಇದು ದೋಷವೇ ಅಲ್ಲದೆ ಇರಬಹುದು, ನೀರು ನಿಜವಾಗ್ಲೂ ಓಡಾಡ್ತಿದೆ. ಪಂಪ್ ಓಡ್ತಿದ್ದಾಗ ಬಾವಿ ಸುತ್ತ ನೀರಿನ ಮಟ್ಟ ಆಲಿಕೆ ಆಕಾರದಲ್ಲಿ ಕುಸಿದಿರತ್ತೆ, ನಿಲ್ಲಿಸಿದ ಮೇಲೆ ಮೊದಲು ಜೋರಾಗಿ ಆಮೇಲೆ ನಿಧಾನವಾಗಿ ಮೇಲೆ ಬರತ್ತೆ. ಪಂಪ್ ಓಡ್ತಾ ಇರೋವಾಗ ಮಟ್ಟ ಟೈಮ್ ಜೊತೆ ಹೇಗೆ ಕುಸೀತಾ ಹೋಗತ್ತೆ ಅಂತ ಚಾರ್ಲ್ಸ್ ಥೀಸ್ ಅನ್ನೋ ಅಮೆರಿಕದ ಭೂಜಲ ವಿಜ್ಞಾನಿ 1935ರಲ್ಲೇ ಲೆಕ್ಕ ಹಾಕಿ ತೋರಿಸಿದ್ರು, ಬಾವಿ ಟೆಸ್ಟ್ ಮಾಡೋರು ಇವತ್ತಿಗೂ ಅದನ್ನೇ ಬಳಸ್ತಾರೆ. ನಮಗೆ ಅದರಲ್ಲಿ ಬೇಕಾಗಿರೋ ಮಾತು ಒಂದೇ, ಪಂಪ್ ನಿಲ್ಲಿಸಿದ ತಕ್ಷಣ ಅಳೆದ ನಂಬರ್ ನೀರಿನ ಮಟ್ಟ ಅಲ್ಲ.

ಚೆಕ್ ಸುಲಭ. ಹತ್ತು ಹತ್ತು ನಿಮಿಷಕ್ಕೆ ಮೂರು ಸಲ ಅಳೀರಿ. 18.40, 18.15, 18.05 ಹೀಗೆ ಬಂದ್ರೆ ಏರ್ತಿದೆ, ಏರೋ ವೇಗ ಕಡಿಮೆ ಆಗ್ತಿದೆ, ಅಂದ್ರೆ ಈಗಷ್ಟೇ ಪಂಪ್ ನಿಂತಿದೆ. ಇಳೀತಾ ಹೋದ್ರೆ ಎಲ್ಲೋ ಪಂಪ್ ಶುರುವಾಗಿದೆ, ಇದೇ ಬಾವೀದೇ ಆಗಬೇಕಿಲ್ಲ, ಒಂದೇ ಬಂಡೆ ಬಿರುಕಿನ ಸಾಲಲ್ಲಿ ಇರೋ ಬೋರು ಸಾಕಷ್ಟು ದೂರದಿಂದಲೂ ಎಳೆಯತ್ತೆ. ಸುತ್ತ ಕಿವಿಗೊಟ್ಟು ಕೇಳಿ, ಪೈಪ್ ಮೇಲೆ ಕೈ ಇಟ್ಟು ನೋಡಿ ತಣ್ಣಗಿದೆಯಾ, ನಡುಗ್ತಿದೆಯಾ. ಪಕ್ಕದವರನ್ನ ಕೇಳಿದ್ರೆ ಅವರೇ ಹೇಳ್ತಾರೆ ಯಾವಾಗ ಆನ್ ಮಾಡಿದ್ರು ಅಂತ.

ಎಷ್ಟು ಹೊತ್ತು ಕಾಯ್ಬೇಕು ಅನ್ನೋದಕ್ಕೆ ಎಲ್ಲ ಬಾವಿಗೂ ಒಂದೇ ಉತ್ತರ ಇಲ್ಲ. ಮರಳು ಪದರದಲ್ಲಿ ಬೇಗ ತುಂಬ್ಕೊಳ್ಳತ್ತೆ, ಗಟ್ಟಿ ಬಂಡೆಯ ಬೋರಲ್ಲಿ ರಾತ್ರಿಯೆಲ್ಲ ಬೇಕಾಗಬಹುದು, ಅದಕ್ಕೂ ಜಾಸ್ತಿ ಹಿಡಿಯೋದೂ ಇದೆ. ಬೆಳಿಗ್ಗೆ ಪಂಪ್ ಹಾಕೋ ಮುಂಚೆ ಅಳೆಯೋದು ಎಲ್ಲಕ್ಕಿಂತ ಒಳ್ಳೇದು, ಮತ್ತೆ ಪ್ರತಿ ಸಲವೂ ಅದೇ ಹೊತ್ತಿಗೆ. ಕಾಯೋಕೆ ಆಗಲ್ಲ ಅಂದ್ರೆ ನಂಬರ್ ಪಕ್ಕ "ಪಂಪ್ ಓಡ್ತಿತ್ತು" ಅಂತಲೋ "ನಿಂತು ಅರ್ಧ ಗಂಟೆ" ಅಂತಲೋ ಬರೀರಿ, ಆ ನಾಲ್ಕು ಪದ ಇಲ್ಲದ ರೀಡಿಂಗನ್ನ ಮುಂದೆ ಯಾರೂ ಉಪಯೋಗಿಸೋಕೆ ಆಗಲ್ಲ.

"ಡಿಪ್ ಮೀಟರ್ ಬೀಪೇ ಅನ್ನಲ್ಲ, ಇಲ್ಲಾ ದಾರಿಯುದ್ದಕ್ಕೂ ಬೀಪ್ ಅನ್ನತ್ತೆ"

ಬೀಪ್ ಬರ್ಲಿಲ್ಲ ಅಂದ ತಕ್ಷಣ ಬಾವಿ ಒಣಗಿದೆ ಅಂತ ಬರೀಬೇಡಿ. ತುದಿಯನ್ನ ಬಕೆಟ್ ನೀರಲ್ಲಿ ಅದ್ದಿ. ಅಲ್ಲೂ ಬೀಪ್ ಇಲ್ಲಾಂದ್ರೆ ಬ್ಯಾಟರಿ ಬದಲಾಯಿಸಿ, ತುದಿಯ ಲೋಹದ ಭಾಗ ಒರೆಸಿ, ಸೆನ್ಸಿಟಿವಿಟಿ ತಿರುಗಿಸೋ ಗುಂಡಿ ಇದ್ರೆ ಜಾಸ್ತಿ ಮಾಡಿ. ಬಕೆಟ್ ನೀರಲ್ಲಿ ಒಂದು ಚಿಟಿಕೆ ಉಪ್ಪು ಹಾಕಿದ ಮೇಲೆ ಬೀಪ್ ಬಂತು ಅಂದ್ರೆ ಮೀಟರ್ ಕೆಟ್ಟಿಲ್ಲ, ಲವಣ ಕಡಿಮೆ ಇರೋ ನೀರನ್ನ ಅದು ಹಿಡೀತಿಲ್ಲ, ಸೆನ್ಸಿಟಿವಿಟಿನೇ ಏರಿಸಬೇಕು. ಪಂಪಿನ ಎಣ್ಣೆ ಸೋರಿ ನೀರಿನ ಮೇಲೆ ಪದರ ಕಟ್ಟಿದ್ರೂ ತಡವಾಗಿ ಬೀಪ್ ಬರತ್ತೆ, ಟೇಪ್ ಮೇಲೆ ತಗೊಂಡಾಗ ಜಿಡ್ಡು ಕಾಣತ್ತೆ. ಆ ನೀರನ್ನ ಯಾರಾದ್ರೂ ಕುಡೀತಿದ್ರೆ ರೀಡಿಂಗ್ ಬಿಡಿ, ಮೊದಲು ಅವರಿಗೆ ಹೇಳಿ.

ದಾರಿಯುದ್ದಕ್ಕೂ ಬೀಪ್ ಅಂದ್ರೆ ಪೈಪಿನ ಗೋಡೆ ಒದ್ದೆ ಇದೆ, ಇಲ್ಲಾ ಮೇಲಿನ ಬಿರುಕಿನಿಂದ ನೀರು ಒಳಗೆ ಸುರೀತಿದೆ. ಕಿವಿ ಪೈಪಿನ ಹತ್ರ ಇಟ್ರೆ ಆ ಸುರಿಯೋ ಸದ್ದು ಚೆನ್ನಾಗಿ ಕೇಳತ್ತೆ. ಸೆನ್ಸಿಟಿವಿಟಿ ಇಳಿಸಿ ನೋಡಿ. ಬೀಪ್ ಶುರುವಾಗಿ ಮತ್ತೆ ನಿಲ್ಲದೆ ಒಂದೇ ಸಮ ಕೂಗೋ ಜಾಗ ಸಿಕ್ಕಿದ್ರೆ ಅದೇ ನೀರು. ಸುರಿಯೋ ನೀರು ಜಾಸ್ತಿ ಇದ್ರೆ ಸಪೂರ ಪೈಪ್ ಒಂದು, 20–25 ಮಿ.ಮೀ ದಪ್ಪದ್ದು, ಬಾವಿ ಒಳಗೆ ಖಾಯಂ ಇಳಿಸಿ ಅದರೊಳಗೆ ಟೇಪ್ ಬಿಡೋದೇ ಸರಿ, ಕೆಳಗಿನ ಭಾಗಕ್ಕೆ ತೂತು ಹಾಕಿರ್ಬೇಕು. ಪಂಪ್ ಇರೋ ಬೋರಿಗೆ ಇದು ಇನ್ನೂ ಬೇಕು ಯಾಕಂದ್ರೆ ಟೇಪು ಮೋಟರ್ ಕೇಬಲ್ಲಿಗೆ ಸಿಕ್ಕಾಕ್ಕೊಳ್ಳತ್ತೆ. ಸಿಕ್ಕಾಕ್ಕೊಂಡ್ರೆ ಜೋರಾಗಿ ಎಳೀಬೇಡಿ, ಸ್ವಲ್ಪ ಸಡಿಲ ಬಿಟ್ಟು ತಿರುಗಿಸಿ ನಿಧಾನಕ್ಕೆ ಎತ್ತಿ, ಬರ್ಲಿಲ್ಲ ಅಂದ್ರೆ ಪಂಪ್ ಎತ್ತೋರು ಬರೋವರೆಗೆ ಹಾಗೇ ಕಟ್ಟಿಡಿ. ಎಳೆದು ಕೇಬಲ್ಲಿನ ಇನ್ಸುಲೇಷನ್ ಕಿತ್ತರೆ ಶಾಕ್ ಹೊಡೆಯೋ ಅಪಾಯ, ಮೋಟರೂ ಹಾಳು.

"ಲಾಗರ್ ಹಾಕಿದ್ದೀವಿ, ಗ್ರಾಫ್ ನೋಡಿದ್ರೆ ತಲೆಬುಡ ಗೊತ್ತಾಗ್ತಿಲ್ಲ"

ಲಾಗರ್ ಅಂದ್ರೆ ಬಾವಿ ಒಳಗೆ ತೂಗಿಬಿಟ್ಟು ತಾನೇ ತಾನಾಗಿ ರೀಡಿಂಗ್ ಬರೆದಿಡೋ ಸೆನ್ಸರ್. ಇದು ನೀರಿನ ಮಟ್ಟ ನೋಡಲ್ಲ, ತನ್ನ ಮೇಲೆ ಬೀಳೋ ಒತ್ತಡ ನೋಡತ್ತೆ, ನಾವು ಅದನ್ನ ನೀರಿನ ಎತ್ತರ ಅಂತ ಲೆಕ್ಕ ಮಾಡ್ಕೋತೀವಿ. ಇದರ ದೋಷಗಳೆಲ್ಲ ಬಹುಪಾಲು ಇಲ್ಲಿಂದಲೇ ಹುಟ್ಟೋದು.

ರೀಡಿಂಗ್ ಸುಮಾರು 10 ಮೀಟರ್ ತಪ್ಪಿದ್ರೆ ಬೇರೆ ಏನೂ ಹುಡುಕೋಕೆ ಹೋಗಬೇಡಿ, ಗಾಳಿಯ ಒತ್ತಡ ಕಳೆದಿಲ್ಲ. ಸಮುದ್ರ ಮಟ್ಟದಲ್ಲಿ ವಾತಾವರಣದ ಒತ್ತಡ ಸುಮಾರು 10.3 ಮೀಟರ್ ನೀರಿಗೆ ಸಮ, ಎತ್ತರದ ಜಾಗದಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ. ಹೊರಗಿನ ಗಾಳಿಗೆ ತೆರೆದಿರೋ ಕೊಳವೆ ಇಲ್ಲದ ಮುಚ್ಚಿದ ಸೆನ್ಸರ್ ನೀರನ್ನೂ ಗಾಳಿಯನ್ನೂ ಕೂಡಿಸೇ ಹೇಳತ್ತೆ, ಗಾಳಿದನ್ನ ಬೇರೆ ಸೆನ್ಸರಿಂದ ತಗೊಂಡು ಕಳೀಬೇಕು.

ಗಾಳಿ ಒತ್ತಡ ಕಳೆದ ಮೇಲೂ ಗ್ರಾಫು ದಿನಕ್ಕೆ ಎರಡು ಸಲ ಸಣ್ಣಗೆ ಏರಿಳಿದ್ರೆ ಗಾಬರಿ ಬೇಡ. ವಾತಾವರಣದ ಒತ್ತಡವೇ ದಿನಕ್ಕೆರಡು ಸಲ ಏರಿಳಿಯತ್ತೆ, ಉಷ್ಣವಲಯದಲ್ಲಿ ಇದು ಚೆನ್ನಾಗಿ ಕಾಣತ್ತೆ, ಬೆಳಿಗ್ಗೆ 10 ಮತ್ತು ರಾತ್ರಿ 10ರ ಸುಮಾರಿಗೆ ಜಾಸ್ತಿ. ಮೇಲೆ ಗಟ್ಟಿ ಪದರ ಮುಚ್ಚಿರೋ ಆಳದ ಬಾವಿಯಲ್ಲಿ ಗಾಳಿ ಒತ್ತಡ ಏರಿದಾಗ ನೀರು ಇಳಿಯತ್ತೆ, ಒತ್ತಡ ಇಳಿದಾಗ ನೀರು ಏರತ್ತೆ. ಗಾಳಿ ಒತ್ತಡ ಅಳೆಯೋ ಮಾನದಲ್ಲಿ 10 ಹೆಕ್ಟೋಪಾಸ್ಕಲ್ ಅಂದ್ರೆ 10.2 ಸೆಂ.ಮೀ ನೀರು, ಬಿರುಗಾಳಿ ಬಂದು ಹೋದಾಗ ಅಷ್ಟು ಒತ್ತಡ ಬದಲಾಗೋದು ಮಾಮೂಲಿ. ಚಂದ್ರ ಸೂರ್ಯನ ಸೆಳೆತಕ್ಕೆ ಭೂಮಿಯೂ ಒಂದಿಷ್ಟು ಹಿಗ್ಗಿ ಕುಗ್ಗತ್ತೆ, ಅದೂ ಆಳದ ಬಾವಿಯಲ್ಲಿ ಸೆಂ.ಮೀ ಲೆಕ್ಕದಲ್ಲಿ ಕಾಣಸಿಗತ್ತೆ. ಪಕ್ಕದಲ್ಲಿ ರೈಲು ಹೋದ್ರೆ, ಎಲ್ಲೋ ದೊಡ್ಡ ಭೂಕಂಪ ಆದ್ರೆ ಕೂಡ ಬಾವಿ ನೀರು ಅಲುಗಾಡತ್ತೆ. ಇವೆಲ್ಲ ಗುಣ, ರೋಗ ಅಲ್ಲ.

ಗಾಳಿ ಒತ್ತಡದ ಸೆನ್ಸರ್ ಬೆಟ್ಟದ ಮೇಲಿದ್ದು ಬಾವಿ ಕೆಳಗಿದ್ರೆ ಇನ್ನೊಂದು ತಪ್ಪು ಸೇರತ್ತೆ, ಪ್ರತಿ 10 ಮೀಟರ್ ಎತ್ತರಕ್ಕೆ ಸುಮಾರು 1.2 ಸೆಂ.ಮೀ ನೀರಿನಷ್ಟು. ಎರಡರ ಗಡಿಯಾರ ಒಂದೇ ಟೈಮ್ ತೋರಿಸ್ತಿದೆಯಾ ಅಂತಲೂ ನೋಡಿ, ಒಂದು ಗಂಟೆ ಆಚೀಚೆ ಇದ್ರೆ ಕಳೆದ ಮೇಲೆ ಇಲ್ಲದ ಏರಿಳಿತ ಹುಟ್ಕೊಳ್ಳತ್ತೆ.

ಕೇಬಲ್ಲಿನಲ್ಲೇ ಗಾಳಿ ಕೊಳವೆ ಇರೋ ಸೆನ್ಸರಾದ್ರೆ ಮೇಲೆ ತೇವ ಹೀರೋ ಕಾಳು ತುಂಬಿದ ಡಬ್ಬಿ ಇರತ್ತೆ. ಆ ಕಾಳಿನ ಬಣ್ಣ ಬದಲಾಗಿದ್ರೆ, ಕೆಲವದ್ರಲ್ಲಿ ನೀಲಿ ಹೋಗಿ ಗುಲಾಬಿ ಆಗಿರತ್ತೆ, ಕೆಲಸ ಮುಗಿದಿದೆ, ಹೊಸದು ಹಾಕಿ. ಹಾಕದೇ ಬಿಟ್ರೆ ಕೊಳವೆಯಲ್ಲಿ ನೀರಹನಿ ಕಟ್ಕೊಂಡು ಸೆನ್ಸರು ಮನಸ್ಸಿಗೆ ಬಂದ ಹಾಗೆ ಓದತ್ತೆ. ಕೇಬಲ್ ಮುಚ್ಚಳದ ಹತ್ರ ಮಡಚಿಕೊಂಡಿದ್ರೂ ಇದೇ ಕಥೆ.

ಕೈ ರೀಡಿಂಗಿಗೂ ಲಾಗರಿಗೂ ವ್ಯತ್ಯಾಸ ಪ್ರತಿ ತಿಂಗಳು ಸ್ವಲ್ಪ ಸ್ವಲ್ಪ ಜಾಸ್ತಿ ಆಗ್ತಿದ್ರೆ ಮೊದಲು ತೂಗಿಸಿರೋ ಹಗ್ಗ ನೋಡಿ. ನೈಲಾನ್ ಹಗ್ಗ ತೂಕಕ್ಕೆ ಹಿಗ್ಗತ್ತೆ, ಗಂಟು ಜಾರತ್ತೆ, ಸೆನ್ಸರ್ ಕೆಳಗೆ ಹೋದಷ್ಟೂ ನೀರು ಏರಿದ ಹಾಗೆ ತೋರಿಸತ್ತೆ. ಸ್ಟೀಲ್ ವೈರಿಗೆ ಬದಲಾಯಿಸಿ, ಗಂಟಿನ ಜಾಗಕ್ಕೆ ಟೇಪ್ ಸುತ್ತಿ ಗುರುತು ಮಾಡಿ. ಹಗ್ಗ ಸರಿ ಇದೆ ಅಂದ್ರೆ ಸೆನ್ಸರನ್ನ ಸರಿಯಾಗಿ 1 ಮೀಟರ್ ಮೇಲೆ ಎತ್ತಿ ಹಿಡೀರಿ, ರೀಡಿಂಗ್ 1 ಮೀಟರ್ ಕಡಿಮೆ ಆಗ್ಬೇಕು. 90 ಸೆಂ.ಮೀ ಮಾತ್ರ ಕಡಿಮೆ ಆಯ್ತು ಅಂದ್ರೆ ಸೆನ್ಸರೇ ದಾರಿ ತಪ್ಪಿದೆ, ಅದನ್ನ ಮನೇಲಿ ರಿಪೇರಿ ಮಾಡೋಕೆ ಆಗಲ್ಲ, ಬಿಚ್ಚೋಕೂ ಹೋಗಬೇಡಿ, ತಯಾರಿಸಿದವರಿಗೆ ಕಳಿಸಿ.

ಲಾಗರ್ ಇದೆ ಅಂತ ಕೈಯಲ್ಲಿ ಅಳೆಯೋದು ಮಾತ್ರ ಬಿಡಬೇಡಿ. ಹೋದಾಗೆಲ್ಲ ಒಂದು ಕೈ ರೀಡಿಂಗ್, ಟೈಮ್ ಸಮೇತ. ಲಾಗರ್ ಸುಳ್ಳು ಹೇಳ್ತಿದೆಯಾ ಅಂತ ಹೇಳೋಕೆ ಅದೊಂದೇ ಸಾಕ್ಷಿ.

"ವಾರಗಟ್ಟಲೆ ಗೆರೆ ಎಳೆದ ಹಾಗೆ ಒಂದೇ ಮಟ್ಟ"

ಜೀವ ಇರೋ ಬಾವಿ ಇಷ್ಟು ನಿಶ್ಚಲ ಇರಲ್ಲ. ಮೂರು ಸಾಧ್ಯತೆ. ನೀರು ಸೆನ್ಸರಿಗಿಂತ ಕೆಳಗೆ ಹೋಗಿದೆ, ಸೆನ್ಸರ್ ಗಾಳಿಯಲ್ಲಿ ತೂಗಾಡ್ತಾ ಸೊನ್ನೆ ಹತ್ರದ ರೀಡಿಂಗ್ ಬರೀತಿದೆ. ಇಲ್ಲಾ ಸೆನ್ಸರ್ ಹೂಳಲ್ಲಿ ಕೂತಿದೆ. ಇಲ್ಲಾ ಬಾವಿಯೇ ಕಟ್ಟಿಕೊಂಡಿದೆ, ಜಾಲರಿ ಪೈಪಿನ ಸೀಳುಗಳಿಗೆ ಕೆಸರು, ತುಕ್ಕು, ಲೋಳೆ ಮೆತ್ಕೊಂಡು ಹೊರಗಿನ ನೀರಿಗೂ ಒಳಗಿನ ನೀರಿಗೂ ಸಂಬಂಧ ಕಡಿದುಹೋಗಿದೆ. ಈ ಮೂರನೇದು ಕೆಟ್ಟದ್ದು ಯಾಕಂದ್ರೆ ಕೈಯಲ್ಲಿ ಅಳೆದ್ರೂ ಅದೇ ನಂಬರ್ ಬರತ್ತೆ, ಎಲ್ಲ ಸರಿ ಇದೆ ಅಂತ ಅನ್ಸತ್ತೆ, ಆದ್ರೆ ನಾವು ಅಳೀತಿರೋದು ಪೈಪಲ್ಲಿ ನಿಂತ ನೀರನ್ನ.

ಮೊದಲು ತಳ ಮುಟ್ಟಿಸಿ ಆಳ ಅಳೀರಿ. ಕೊರೆದಾಗ 45 ಮೀಟರ್ ಅಂತ ಬರೆದಿದ್ದು ಈಗ 38ಕ್ಕೇ ತೂಕ ಮೆತ್ತಗೆ ಕೂತ್ರೆ ಏಳು ಮೀಟರ್ ಹೂಳು. ಟಕ್ ಅಂತ ಗಟ್ಟಿಯಾಗಿ ಬಡಿದ್ರೆ ಹೂಳಲ್ಲ, ಕಲ್ಲೋ ಮುರಿದ ಪೈಪೋ ಇರ್ಬೇಕು.

ಆಮೇಲೆ ಬಕೆಟ್ ಟೆಸ್ಟು. ನೀರಿನ ಮಟ್ಟ ಅಳೆದು ಬರೀರಿ, 10 ಲೀಟರ್ ಶುದ್ಧ ನೀರು ಒಂದೇ ಸಲ ಸುರೀರಿ, ತಕ್ಷಣ ಅಳೀರಿ, ಆಮೇಲೆ ಮೊದಲ ಹತ್ತು ನಿಮಿಷ ನಿಮಿಷಕ್ಕೊಂದು ಸಲ, ಮುಂದೆ ಹತ್ತು ನಿಮಿಷಕ್ಕೊಂದು ಸಲ. 100 ಮಿ.ಮೀ ಒಳವ್ಯಾಸದ ಪೈಪಲ್ಲಿ 10 ಲೀಟರಿಗೆ ಮಟ್ಟ ಸುಮಾರು 1.27 ಮೀಟರ್ ಏರ್ಬೇಕು, 150 ಮಿ.ಮೀ ಪೈಪಲ್ಲಿ ಸುಮಾರು 57 ಸೆಂ.ಮೀ. ನೀರು ಪೂರ್ತಿ ಅಷ್ಟು ಏರದೆ ಸರಕ್ಕಂತ ಇಳಿದುಹೋಯ್ತು ಅಂದ್ರೆ ಬಾವಿ ಉಸಿರಾಡ್ತಿದೆ. ಮಾರನೇ ದಿನ ಹೋದ್ರೂ ಸುರಿದ ನೀರು ಅಲ್ಲೇ ನಿಂತಿದ್ರೆ ಸೀಳು ಕಟ್ಟಿದೆ. ಜೇಡಿ ಪದರದ ಬಾವಿ, ಬಿರುಕು ಕಡಿಮೆ ಇರೋ ಬಂಡೆ ಬಾವಿ ಸ್ವಭಾವದಲ್ಲೇ ನಿಧಾನ, ಅದಕ್ಕೇ ಹೊಸದಿದ್ದಾಗಲೇ ಒಂದು ಬಕೆಟ್ ಟೆಸ್ಟ್ ಮಾಡಿ ಬರೆದಿಟ್ಕೊಂಡಿದ್ರೆ ಹೋಲಿಸೋಕೆ ಬಹಳ ಅನುಕೂಲ. ಕೆರೆ ನೀರು, ಕಾಲುವೆ ನೀರು ಸುರೀಬೇಡಿ. ಕುಡಿಯೋ ನೀರಿನ ಬಾವಿಗೆ ಈ ಟೆಸ್ಟೇ ಬೇಡ, ಅಲ್ಲಿ ಪಂಪ್ ಹಾಕಿ ನಿಲ್ಲಿಸಿ ಮಟ್ಟ ಏರೋದನ್ನ ನೋಡಿದ್ರೆ ಸಾಕು.

ಕಟ್ಟಿಕೊಂಡಿದ್ರೆ ಕಂಪ್ರೆಸರ್ ತಂದು ಫ್ಲಶ್ ಮಾಡಿಸ್ಬೇಕು, ಅದು ಗೊತ್ತಿರೋರ ಕೆಲಸ. ಆ್ಯಸಿಡ್ ಸುರಿದು ತೆರೆಸ್ತೀವಿ ಅಂತ ನೀವೇ ಮಾಡೋಕೆ ಹೋಗಬೇಡಿ, ಅದೇ ಬಾವಿಗೆ ಬ್ಲೀಚಿಂಗ್ ಹಾಕಿದ್ರಂತೂ ಎರಡೂ ಸೇರಿ ಕ್ಲೋರಿನ್ ಗಾಳಿ ಬರತ್ತೆ, ಉಸಿರು ಕಟ್ಟತ್ತೆ.

"ಮಳೆ ಬಂದು ಒಂದು ಗಂಟೆಗೇ ನೀರು ಏರಿಬಿಡ್ತು"

ಎಲ್ಲರಿಗೂ ಖುಷಿ ಆಗೋ ರೀಡಿಂಗು, ಅದಕ್ಕೇ ಯಾರೂ ಅನುಮಾನ ಪಡಲ್ಲ. ಆಳದ ಬಾವಿಗೆ ಮಳೆನೀರು ಮಣ್ಣಲ್ಲಿ ಇಂಗಿ ಹೋಗೋಕೆ ದಿನ, ವಾರ, ತಿಂಗಳು ಬೇಕು. ಒಂದು ಗಂಟೆಗೇ ಏರಿದ್ರೆ ಬೇರೆ ದಾರಿ ಹುಡುಕಿ.

ಮೊದಲ ಅನುಮಾನ ಕೇಸಿಂಗಿನ ಹೊರಗೋಡೆ. ಪೈಪಿಗೂ ಮಣ್ಣಿಗೂ ನಡುವೆ ಸೀಲ್ ಸರಿ ಇಲ್ದಿದ್ರೆ ಅಂಗಳದ ನೀರು ನೇರ ಜಾರಿ ಒಳಗೆ ಹೋಗತ್ತೆ. ಪೈಪ್ ಸುತ್ತ ಮಣ್ಣು ಕುಸಿದು ಗುಳಿ ಬಿದ್ದಿದೆಯಾ ನೋಡಿ, ಮಳೆ ಆದ ಮೇಲೆ ಬಾಟಲಿಯಲ್ಲಿ ನೀರು ಹಿಡಿದು ಬೆಳಕಿಗೆ ಹಿಡಿದ್ರೆ ಕದಡಿರೋದು ಕಾಣತ್ತೆ, ಟಿಡಿಎಸ್ ಮೀಟರ್ (ನೀರಲ್ಲಿ ಕರಗಿರೋ ಲವಣ ಅಳೆಯೋದು) ಇದ್ರೆ ನಂಬರ್ ಏಕ್ದಂ ಇಳಿದಿರತ್ತೆ. ಹೀಗಿದ್ರೆ ಇದು ಅಳತೆ ದೋಷಕ್ಕಿಂತ ದೊಡ್ಡದು, ರಸ್ತೆ, ಕೊಟ್ಟಿಗೆ, ಪಾಯಿಖಾನೆ ಹತ್ರದ ಗಲೀಜು ನೀರು ಅಂತರ್ಜಲಕ್ಕೆ ಸೇರ್ತಿದೆ. ಆ ನೀರನ್ನ ಕುಡಿಯೋದು ನಿಲ್ಲಿಸಿ, ಲ್ಯಾಬಲ್ಲಿ ಬ್ಯಾಕ್ಟೀರಿಯಾ ಟೆಸ್ಟ್ ಮಾಡಿಸಿ, ಸೀಲ್ ಸರಿಮಾಡಿಸಿದ ಮೇಲೇ ಮತ್ತೆ ಬಳಸಿ.

ಎರಡನೇದು ಪಂಪು. ಮಳೆ ಬಂದ ದಿನ ಹೊಲಕ್ಕೆ ಯಾರೂ ನೀರು ಬಿಡಲ್ಲ, ಸುತ್ತಲಿನ ಮೋಟರೆಲ್ಲ ನಿಂತಿರತ್ತೆ, ಕುಸಿದಿದ್ದ ಮಟ್ಟ ವಾಪಸ್ ಬರತ್ತೆ. ನಾವು ಅದನ್ನ ರೀಚಾರ್ಜ್, ಅಂದ್ರೆ ಮಳೆನೀರು ಇಂಗಿ ಅಂತರ್ಜಲ ತುಂಬ್ತು, ಅಂತ ಬರ್ಕೊಂಡುಬಿಡ್ತೀವಿ. ಹೊಸದಾಗಿ ಇಂಗುಗುಂಡಿ ಮಾಡಿದ ವರ್ಷ ಈ ತಪ್ಪು ಜಾಸ್ತಿ ಆಗತ್ತೆ, ಆಸೆ ಇರತ್ತಲ್ಲ. ಕರೆಂಟ್ ಇಲ್ಲದ, ಮಳೆಯೂ ಇಲ್ಲದ ಒಂದು ದಿನದ ಗ್ರಾಫ್ ಪಕ್ಕದಲ್ಲಿಟ್ಟು ನೋಡಿ, ಏರಿಕೆ ಒಂದೇ ಥರ ಇದ್ರೆ ಅದು ಪಂಪಿನ ಕಥೆ.

ಮೂರನೇದು ಆಳ ಇಲ್ಲದ ಬಾವಿಯಲ್ಲಿ ಮಾತ್ರ: ಜೋರು ಮಳೆಗೆ ಮೇಲ್ಮಣ್ಣು ಪೂರ್ತಿ ಒದ್ದೆಯಾಗಿ ಕೆಳಗಿನ ಗಾಳಿ ಸಿಕ್ಕಿಹಾಕ್ಕೊಂಡು ಒತ್ತತ್ತೆ, ಬಾವಿ ನೀರು ಧುತ್ತಂತ ಏರಿ ಒಂದೆರಡು ದಿನದಲ್ಲಿ ಇಳಿಯತ್ತೆ. ನೀರು ಸೇರಿಲ್ಲ, ಬರೀ ತಳ್ಳಿಸ್ಕೊಂಡಿದೆ.

"ಅಕ್ಕಪಕ್ಕದ ಎರಡು ಬಾವಿಗೆ ತಾಳೆಯೇ ಆಗ್ತಿಲ್ಲ"

ತಾಳೆ ಆಗ್ಬೇಕು ಅಂತ ಏನಿಲ್ಲ. ತೆರೆದ ಬಾವಿ ಮೇಲಿನ ಪದರದ ನೀರು ತೋರಿಸತ್ತೆ, 150 ಮೀಟರ್ ಬೋರು ಕೆಳಗಿನ ಬಿರುಕಿನದ್ದು. ಕೊರೆದಾಗ ಬರೆದ ವಿವರ ಹುಡುಕಿ, ಕೇಸಿಂಗ್ ಎಲ್ಲಿವರೆಗೆ, ನೀರು ಸಿಕ್ಕಿದ್ದು ಎಷ್ಟು ಆಳದಲ್ಲಿ. ಎರಡು ಬೇರೆ ಪದರ ಅಂದ್ರೆ ಎರಡು ಬೇರೆ ಲೆಕ್ಕ, ಸರಾಸರಿ ಮಾಡಿದ್ರೆ ಎರಡನ್ನೂ ಹೇಳದ ಮೂರನೇ ನಂಬರ್ ಬರತ್ತೆ.

"ಸರಾಸರಿ ಸುಧಾರಿಸಿದೆ, ಆದ್ರೆ ಜನರ ಬೋರೆಲ್ಲ ಬತ್ತಿದೆ"

ಈ ದೋಷ ಇರೋದು ಬಾವಿಯಲ್ಲಲ್ಲ, ಪುಸ್ತಕದಲ್ಲಿ, ಮತ್ತೆ ನನ್ನ ಪ್ರಕಾರ ಅತಿ ಹೆಚ್ಚು ಹಾನಿ ಮಾಡೋದು ಇದೇ. ಐದು ಬಾವಿ ಇದೆ ಅಂತಿಟ್ಕೊಳ್ಳಿ, ಮಟ್ಟ 10, 12, 15, 20, 38 ಮೀಟರ್. ಸರಾಸರಿ 19. ಮುಂದಿನ ವರ್ಷ ಮೊದಲ ನಾಲ್ಕೂ ಎರಡೆರಡು ಮೀಟರ್ ಇಳೀತು, ಐದನೇದು ತಳ ಕಂಡು ಒಣಗಿ ಹೋಯ್ತು, ರೀಡಿಂಗ್ ಸಿಗ್ಲಿಲ್ಲ ಅಂತ ಖಾಲಿ ಬಿಟ್ರು. ಉಳಿದದ್ದು 12, 14, 17, 22, ಸರಾಸರಿ 16.25. ಪ್ರತಿಯೊಂದು ಬಾವಿಯೂ ಕೆಟ್ಟಿದೆ, ಕಾಗದದಲ್ಲಿ ಮಾತ್ರ ಸುಮಾರು ಮೂರು ಮೀಟರ್ ಸುಧಾರಣೆ. ಒಣಗಿದ ಬಾವಿ ಕಾಲಮಲ್ಲಿ ಖಾಲಿ ಬಿಡಬೇಡಿ, ಸೊನ್ನೆನೂ ಹಾಕಬೇಡಿ, ಸೊನ್ನೆ ಅಂದ್ರೆ ನೀರು ನೆಲದ ಮಟ್ಟಕ್ಕೇ ಬಂದಿದೆ ಅಂತ ಅರ್ಥ. "ಒಣಗಿದೆ, ತಳ 41.20" ಅಂತ ಬರೀರಿ. ಹೋಲಿಸುವಾಗ ಎರಡೂ ವರ್ಷ ರೀಡಿಂಗ್ ಇರೋ ಬಾವಿಗಳನ್ನ ಮಾತ್ರ ಹೋಲಿಸಿ, ಎಷ್ಟು ಒಣಗಿದವು ಅನ್ನೋದನ್ನ ಬೇರೆ ಸಾಲಲ್ಲಿ ಹೇಳಿ.

"ಎಲ್ಲ ಚೆಕ್ ಆಯ್ತು, ಮಟ್ಟ ಇಳೀತಾನೇ ಇದೆ"

ಗುರುತು ಸರಿ, ಪಂಪ್ ನಿಂತಿದೆ, ಬಾವಿ ಉಸಿರಾಡ್ತಿದೆ, ಪಕ್ಕದ ಅದೇ ಪದರದ ಬಾವಿಗಳೂ ಹಾಗೇ ಹೇಳ್ತಿವೆ, ಹಾಗಾದ್ರೆ ಇದು ನಿಜ. ಬೇಸಿಗೆಯನ್ನ ಬೇಸಿಗೆ ಜೊತೆ, ಮಳೆಗಾಲದ ನಂತರದ್ದನ್ನ ಮಳೆಗಾಲದ ನಂತರದ್ದರ ಜೊತೆಗೇ ಹೋಲಿಸಿ. ಒಂದು ವರ್ಷ ಇಳಿದ್ರೆ ಮಳೆ ಕಡಿಮೆ ಇರಬಹುದು, ಒಳ್ಳೇ ಮಳೆ ಆದ ವರ್ಷವೂ ಹಳೇ ಮಟ್ಟಕ್ಕೆ ಬರ್ಲಿಲ್ಲ ಅಂದ್ರೆ ತುಂಬೋದಕ್ಕಿಂತ ತೆಗೆಯೋದು ಜಾಸ್ತಿ ಆಗಿದೆ.

ಇಲ್ಲಿ ಒಂದು ವಿಷಯ ಜನರಿಗೆ ಹೇಳಲೇಬೇಕು. ಬಂಡೆ ಪದರದಲ್ಲಿ ಬಿರುಕು ಮಾತ್ರ ನೀರು ಹಿಡಿಯತ್ತೆ, ಒಟ್ಟು ಗಾತ್ರದ ನೂರಕ್ಕೆ ಒಂದೆರಡು ಭಾಗ ಅಷ್ಟೇ ಇರತ್ತೆ, ಮರಳು ಪದರದಲ್ಲಿ ಇಪ್ಪತ್ತರವರೆಗೂ ಇರತ್ತೆ. ನೂರಕ್ಕೆ ಎರಡು ಅಂತಿಟ್ಕೊಂಡ್ರೆ ಬಂಡೆಯಲ್ಲಿ ಮಟ್ಟ 1 ಮೀಟರ್ ಏರೋದಕ್ಕೆ 20 ಮಿ.ಮೀ ನೀರು ಇಂಗಿದ್ರೆ ಸಾಕು, ಮರಳಲ್ಲಿ ಅದೇ ಒಂದು ಮೀಟರಿಗೆ 200 ಮಿ.ಮೀ ಬೇಕು. ಅಂದ್ರೆ ಬಂಡೆ ಬೋರಲ್ಲಿ ಮೂರು ಮೀಟರ್ ಏರ್ತು ಅಂತ ಹಿಗ್ಗಿ ಹೆಚ್ಚು ನೀರು ಬೇಡೋ ಬೆಳೆ ಹಾಕಿದ್ರೆ ಆ ಮೂರು ಮೀಟರ್ ಬಹಳ ಬೇಗ ಮುಗಿಯತ್ತೆ.

ನಿಲ್ಲಿಸಿ, ಭೂಜಲ ತಜ್ಞರನ್ನ ಕರೆಸಬೇಕಾದ ಸಮಯ ಯಾವುದು ಅಂದ್ರೆ: ಸಮುದ್ರದ ಹತ್ರದ ಬಾವಿಯಲ್ಲಿ ನೀರು ಉಪ್ಪಾಗ್ತಾ ಬಂದ್ರೆ, ಅಲ್ಲಿ ಸಮುದ್ರ ಮಟ್ಟದಿಂದ ಮೇಲಿರೋ ಸಿಹಿನೀರು 1 ಮೀಟರ್ ಇಳಿದ್ರೆ ಕೆಳಗಿನ ಉಪ್ಪುನೀರಿನ ಗಡಿ ಲೆಕ್ಕದಲ್ಲಿ ಸುಮಾರು 40 ಮೀಟರ್ ಮೇಲೆ ಬರತ್ತೆ, ಕಾಯೋ ಹಾಗಿಲ್ಲ. ಬಾವಿ ಸುತ್ತ ನೆಲ ಬಿರುಕು ಬಿಟ್ರೆ, ಕುಸಿದ್ರೆ. ನೀರಲ್ಲಿ ಕೊಳೆತ ಮೊಟ್ಟೆ ವಾಸನೆ, ಪೆಟ್ರೋಲ್ ವಾಸನೆ, ಗುಳ್ಳೆ ಬಂದ್ರೆ, ಅಲ್ಲಿ ಬೆಂಕಿಕಡ್ಡಿ ಗೀರಬೇಡಿ, ಬೀಡಿ ಸಿಗರೇಟು ಹಚ್ಚಬೇಡಿ, ಬಗ್ಗಿ ಮೂಸಿ ನೋಡೋಕೂ ಹೋಗಬೇಡಿ. ಪೈಪ್ ಒಳಗೆ ಮುರಿದಿದೆ ಅನ್ಸಿದ್ರೆ ಕ್ಯಾಮೆರಾ ಇಳಿಸೋರು ಬೇಕು.

ಅವರು ಬಂದಾಗ ಕೈಗೆ ಕೊಡ್ಬೇಕಾದ್ದು ಬಾವಿ ಕೊರೆದ ವಿವರ, ಗುರುತಿನ ಫೋಟೋ, ತಳದ ಆಳ, ಬಕೆಟ್ ಟೆಸ್ಟಿನ ನಂಬರು, ಪಂಪ್ ಓಡೋ ಹೊತ್ತು, ಮತ್ತೆ ರೀಡಿಂಗ್ ಪುಸ್ತಕ, ತಪ್ಪು ರೀಡಿಂಗ್ ಸಮೇತ. ತಪ್ಪು ಅಂತ ಗೊತ್ತಾದ ನಂಬರನ್ನ ವೈಟ್ನರ್ ಹಾಕಿ ಅಳಿಸಬೇಡಿ, ಓದೋಕೆ ಆಗೋ ಹಾಗೆ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು, ಯಾಕೆ ತಿದ್ದಿದ್ದು, ತಾರೀಕು, ನಿಮ್ಮ ಸಹಿ ಹಾಕಿ.